ಪ್ರಶ್ನೋತ್ತರ: ಪಬ್ಲಿಷರ್ ಡಿಸ್ಕ್ ಬಿಟ್ಟು ಡಿಜಿಟಲ್‌ಗೆ ಹೋದರೆ ನಮ್ಮ ಆಟದ ಗತಿ ಏನು?

ಅಡ್ಮಿನ್: ಈ ವಾರ ಉತ್ತರಿಸುತ್ತಿರುವವರು ಗೇಮ್ ಕಂಪನಿಗಳ ಲೈಸೆನ್ಸಿಂಗ್ ಮತ್ತು ಕರಾರಿನ ಕೆಲಸ ಮಾಡುವವರು. ಮೊದಲು ಬೆಂಗಳೂರಿನಲ್ಲಿದ್ದರು, ಈಗ ಕಾರವಾರದಿಂದಲೇ ಕೆಲಸ. ಪ್ರಶ್ನೆ ಒಂದೇ ಕಡೆ ಹಾಕಿ, ಗುಡ್ ಮಾರ್ನಿಂಗ್ ಫೋಟೋ ಬೇಡ.

ಪ್ರಶ್ನೆ (ಶಿರಸಿ):
ನಾವು ನಾಲ್ಕು ಜನ ಇಲ್ಲೇ ಶಿರಸಿಯಲ್ಲಿ ಕೂತು ವಿಡಿಯೊ ಗೇಮ್ ಮಾಡುತ್ತೇವೆ. ನಮ್ಮ ಮೊದಲ ಸಣ್ಣ ಆಟವನ್ನು ಅಮೆರಿಕದ ಒಬ್ಬ ಪಬ್ಲಿಷರ್ (ಬೇರೆಯವರು ಮಾಡಿದ ಆಟವನ್ನು ಮಾರುಕಟ್ಟೆಗೆ ಬಿಡುವವರು) ಸ್ಟೀಮ್‌ನಲ್ಲಿ, ಅಂದರೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಲ್ಲಿ, ಮಾರುತ್ತಿದ್ದಾರೆ. ಎರಡನೇ ಆಟಕ್ಕೂ ಅವರ ಜೊತೆಗೇ ಕರಾರು ಆಗಿದೆ, ಅಡ್ವಾನ್ಸ್ ಸ್ವಲ್ಪ ಬಂದಿದೆ. ಸ್ವಿಚ್ ಮತ್ತು ಪ್ಲೇಸ್ಟೇಷನ್ ಕನ್ಸೋಲ್‌ಗೆ (ಆಟ ಆಡುವ ಯಂತ್ರ) ಬಾಕ್ಸ್ ಮಾಡಿ ಅಂಗಡಿಗೆ ಬಿಡುತ್ತೇವೆ ಅಂದಿದ್ದರು. ಈಗ ಮೇಲ್ ಬಂದಿದೆ: ಅಂಗಡಿ ವ್ಯಾಪಾರ ಬಂದ್, ಇನ್ನು ಎಲ್ಲಾ ಡಿಜಿಟಲ್ ಮಾತ್ರ, ಅಂದರೆ ಡೌನ್‌ಲೋಡ್. ಅವರ ಪರಿಸ್ಥಿತಿ ಸರಿ ಇಲ್ಲ ಅಂತ ಗಾಳಿಸುದ್ದಿ ಇದೆ. ಡಿಜಿಟಲ್ ಅಂದರೆ ಖರ್ಚು ಕಮ್ಮಿ, ಹಾಗಾದರೆ ನಮಗೆ ಒಳ್ಳೆಯದೇ ಅಲ್ವಾ? ಅಥವಾ ಹೆದರಬೇಕಾ?

ಉತ್ತರ:
ಖರ್ಚು ಕಮ್ಮಿ ಆಗುವುದು ನಿಜ. ಆದರೆ ಉಳಿದ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನುವುದು ನಿಮ್ಮ ಕರಾರಿನಲ್ಲಿದೆ, ಅವರ ಮೇಲ್‌ನಲ್ಲಿ ಇಲ್ಲ.

ಮೊದಲು ಅವರು ಅಂಗಡಿ ಬಿಡುವುದು ಯಾಕೆ ಅಂತ ನೋಡಿ. ಸ್ವಿಚ್ ಕಾರ್ಟ್ರಿಡ್ಜ್ (ಡಿಸ್ಕ್ ಬದಲಿಗೆ ಹಾಕುವ, ಆಟ ತುಂಬಿದ ಸಣ್ಣ ಕಾರ್ಡ್) ಬೇಕಾದರೆ ಪಬ್ಲಿಷರ್ ಮೊದಲೇ ದುಡ್ಡು ಕೊಟ್ಟು ಮಾಡಿಸಬೇಕು. ಆಮೇಲೆ ಸಾಗಾಟ, ಗೋದಾಮು. ನಮ್ಮಲ್ಲಿ ಸೊಸೈಟಿಗೆ ಅಡಿಕೆ ಹಾಕಿದರೆ ಟೆಂಡರ್ ಆಗಿ, ಕಮಿಷನ್ ಕಳೆದು, ದುಡ್ಡು ಖಾತೆಗೆ ಬಂತೆಂದರೆ ವ್ಯವಹಾರ ಮುಗಿಯಿತು. ಗೇಮ್ ಡಿಸ್ಕ್ ಹಾಗಲ್ಲ. ಮಾರಾಟವಾಗದೆ ಉಳಿದರೆ ಅಂಗಡಿಯವರು ಬೆಲೆ ಇಳಿಸುತ್ತಾರೆ, ಇಳಿಸಿದ ವ್ಯತ್ಯಾಸವನ್ನು ಪಬ್ಲಿಷರ್ ತುಂಬಿಕೊಡಬೇಕು. ಇಲ್ಲದಿದ್ದರೆ ಮಾಲೇ ವಾಪಸ್. ಹೋದ ವರ್ಷ ಲಾಭ ಅಂತ ಬರೆದುಕೊಂಡದ್ದು ಈ ವರ್ಷ ನಷ್ಟವಾಗುವುದು ಹೀಗೆ.

ಟಿಎಚ್‌ಕ್ಯೂ ಅನ್ನುವ ಅಮೆರಿಕದ ಗೇಮ್ ಪಬ್ಲಿಷರ್ ಕಥೆ ನೋಡಿ. ಯೂಡ್ರಾ ಅಂತ ಚಿತ್ರ ಬಿಡಿಸುವ ಟ್ಯಾಬ್ಲೆಟ್ ಮಾಡಿದ್ದರು. 2010ರಲ್ಲಿ ವೀ ಕನ್ಸೋಲ್‌ಗೆ ಚೆನ್ನಾಗಿ ಹೋಯಿತು. 2011ರಲ್ಲಿ ಅದನ್ನೇ ಎಕ್ಸ್‌ಬಾಕ್ಸ್ 360 ಮತ್ತು ಪಿಎಸ್3 (ಪ್ಲೇಸ್ಟೇಷನ್ 3) ಕನ್ಸೋಲ್‌ಗೆ ರಾಶಿಗಟ್ಟಲೆ ಮಾಡಿಸಿದರು. ಸುಮಾರು 14 ಲಕ್ಷ ಪೆಟ್ಟಿಗೆ ಹಾಗೇ ಉಳಿಯಿತು. 2012ರ ಕೊನೆಗೆ ತಮ್ಮ ಆಟಗಳನ್ನು ಹಂಬಲ್ ಬಂಡಲ್ ಅನ್ನುವ, ಹಲವು ಆಟ ಕಟ್ಟಿ ಮಾರುವ ತಾಣದಲ್ಲಿ ಡಿಜಿಟಲ್ ಆಗಿ ಅಗ್ಗಕ್ಕೆ ಬಿಟ್ಟಾಗ 50 ಲಕ್ಷ ಡಾಲರ್‌ಗಿಂತ ಜಾಸ್ತಿ ಎದ್ದಿತು, ಅದರಲ್ಲೂ ಒಂದು ಪಾಲು ದಾನಕ್ಕೆ. ಸಾಲದ ಮುಂದೆ ಅದು ಯಾವ ಮೂಲೆಗೆ? ಅದೇ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು.

ಮಜೆಸ್ಕೊ ಅನ್ನುವ ಇನ್ನೊಬ್ಬ ಪಬ್ಲಿಷರ್‌ದ್ದು ಇನ್ನೊಂದು ಥರ. 2010ರ ಜುಂಬಾ ಫಿಟ್ನೆಸ್, ಕುಣಿದು ವ್ಯಾಯಾಮ ಮಾಡುವ ಆಟ, ಅವರ ದೊಡ್ಡ ಹಿಟ್. ಬಾಕ್ಸ್ ಒಳಗೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಇರುತ್ತಿತ್ತು, ರಿಮೋಟ್ ಅದಕ್ಕೆ ಸಿಕ್ಕಿಸಿ ಕುಣಿಯುವುದು. ಬೆಲ್ಟನ್ನು ಡೌನ್‌ಲೋಡ್ ಮಾಡಲು ಆಗುತ್ತದಾ? ಅಂಥ ವ್ಯಾಪಾರ ಇಳಿದ ಮೇಲೆ 2013ರಲ್ಲಿ ಮಿಡ್‌ನೈಟ್ ಸಿಟಿ ಅಂತ ಹೆಸರಿಟ್ಟು ಸಣ್ಣ ತಂಡಗಳ ಆಟಗಳನ್ನು ಡಿಜಿಟಲ್ ಆಗಿ ಬಿಡಲು ಹೊರಟರು. ನಿಂತುಕೊಳ್ಳಲಿಲ್ಲ. ಕೊನೆಗೆ ಆ ಕಂಪನಿ ಆಟಗಳನ್ನೇ ಬಿಟ್ಟು, ಚರ್ಮ ಬೆಳೆಸುವ ವೈದ್ಯಕೀಯ ತಂತ್ರಜ್ಞಾನದ ಕಂಪನಿ ಆಯಿತು. ತಮಾಷೆ ಅಲ್ಲ, ನಿಜ.

ಅಂಗಡಿಯಲ್ಲಿ ಸೋತವರು ಡಿಜಿಟಲ್‌ನಲ್ಲಿ ಗೆದ್ದೇ ಗೆಲ್ಲುತ್ತಾರೆ ಅಂತ ಇಲ್ಲ. ಆದರೆ ಅವರು ಸೋತರೂ ನಿಮ್ಮ ಆಟ ಬದುಕಬಹುದು. ಇದೇ ಮಜೆಸ್ಕೊ 2005ರಲ್ಲಿ ಸೈಕೋನಾಟ್ಸ್ ಅನ್ನುವ ಆಟ ಬಿಟ್ಟಿತ್ತು. ಹೊಗಳಿಕೆ ಬೇಕಾದಷ್ಟು, ವ್ಯಾಪಾರ ಇಲ್ಲ. 2011ರಲ್ಲಿ ಹಕ್ಕು ಅದನ್ನು ಮಾಡಿದ ಡಬಲ್ ಫೈನ್ ತಂಡಕ್ಕೆ ವಾಪಸ್ ಬಂತು. ಅವರೇ ಡಿಜಿಟಲ್ ಆಗಿ ಮಾರಿದ ಮೇಲೆ ಹೋದ ಪ್ರತಿಗಳು ಮೊದಲಿನದಕ್ಕಿಂತ ಜಾಸ್ತಿ. 2021ರಲ್ಲಿ ಎರಡನೇ ಭಾಗವೂ ಬಂತು. ಕರಾರಿನ ಅವಧಿ ಮುಗಿದಾಗ ಹಕ್ಕು ವಾಪಸ್ ಬಂದದ್ದಕ್ಕೆ ಇಷ್ಟೆಲ್ಲಾ.

ಪ್ರಶ್ನೆ (ಅದೇ ಶಿರಸಿಯವರು):
ಕರಾರು ತೆಗೆದು ನೋಡಿದೆ. ಹಕ್ಕು ಏಳು ವರ್ಷ ಅವರದ್ದು. ಇನ್ನೊಂದು ವಿಷಯ, ಸ್ಟೀಮ್ ಆಟದ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಸಲ "ರಿಟರ್ನ್ಸ್ ರಿಸರ್ವ್ 20%" ಅಂತ ಕಳೆಯುತ್ತಾರೆ. ಇದು ಏನು?

ಉತ್ತರ:
ಒಳ್ಳೆಯದು ಕಣ್ಣಿಗೆ ಬಿತ್ತು. ಅದು ಡಿಸ್ಕ್ ಕಾಲದ ಸಾಲು. ಅಂಗಡಿಯಿಂದ ಮಾಲು ವಾಪಸ್ ಬಂದರೆ ಅಂತ ನಿಮ್ಮ ದುಡ್ಡನ್ನು ಮುಂಚೆಯೇ ಹಿಡಿದಿಟ್ಟುಕೊಳ್ಳುವುದು. ಹಳೆಯ ಕರಾರನ್ನೇ ಕಾಪಿ ಮಾಡಿ ಸಹಿ ಹಾಕಿಸಿದ್ದಾರೆ, ಅಷ್ಟೇ.

ಸ್ಟೀಮ್‌ನಲ್ಲಿ ವಾಪಸ್ ಬರಲು ಮಾಲೇ ಇಲ್ಲ. ಕೊಂಡವರು 14 ದಿನದ ಒಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ರಿಫಂಡ್ ಕೇಳಬಹುದು. ಆ ರಿಫಂಡನ್ನು ಸ್ಟೀಮ್ ತಾನೇ ಕಳೆದು ಉಳಿದದ್ದನ್ನು ಪಬ್ಲಿಷರ್‌ಗೆ ಕೊಡುತ್ತದೆ. ಅದರ ಮೇಲೆ ಇವರು ಮತ್ತೆ ಕಳೆದರೆ ಒಂದೇ ವಿಷಯಕ್ಕೆ ಎರಡು ಸಲ ಕತ್ತರಿ.

ಲೆಕ್ಕ ನೋಡಿ. ರಿಫಂಡ್, ತೆರಿಗೆ ಎಲ್ಲಾ ಕಳೆದು 100 ಡಾಲರ್ ವ್ಯಾಪಾರ ಅಂತ ಇಟ್ಟುಕೊಳ್ಳಿ. ಸ್ಟೀಮ್ ಪಾಲು 30. ಉಳಿದದ್ದು 70. ಅರ್ಧ ಅರ್ಧ ಕರಾರು ಅಂದರೆ ನಿಮಗೆ 35 ಬರಬೇಕು. ಮಧ್ಯದಲ್ಲಿ 20% ಹಿಡಿದರೆ 70 ಹೋಗಿ 56 ಆಯಿತು, ನಿಮ್ಮ ಕೈಗೆ 28. ಹಿಡಿದದ್ದು ಮುಂದೆ ಬಿಡುಗಡೆ ಆಗುತ್ತದೆ ಅಂತ ಕಾಗದದಲ್ಲಿ ಇರುತ್ತದೆ. ಆದರೆ ಕಂಪನಿ ಮುಳುಗಿದರೆ ಆ ದುಡ್ಡಿಗೆ ನೀವು ಬಾಕಿ ಬರಬೇಕಾದವರ ಸಾಲಿನಲ್ಲಿ ಹಿಂದೆ ನಿಲ್ಲಬೇಕು.

ಅವರೇ ಡಿಜಿಟಲ್ ಮಾತ್ರ ಅಂತ ಬರೆದುಕೊಟ್ಟಿದ್ದಾರಲ್ಲ, ಅದನ್ನೇ ಹಿಡಿದು ಕೇಳಿ. "ಹಾಗಾದರೆ ರಿಸರ್ವ್ ಸಾಲು ತೆಗೆಯಿರಿ, ಈವರೆಗೆ ಹಿಡಿದದ್ದು ಕೊಡಿ" ಅಂತ. ಪ್ಯಾಕಿಂಗ್, ಸಾಗಾಟ, ಗೋದಾಮಿನ ಕಡಿತ ಇದ್ದರೆ ಅದೂ ಹೋಗಬೇಕು. ಜಗಳ ಬೇಡ, ಒಂದು ಪುಟದ ತಿದ್ದುಪಡಿ ಸಾಕು. ಅವರಿಗೂ ನಿಮ್ಮ ಒಪ್ಪಿಗೆ ಬೇಕು, ಬಾಕ್ಸ್ ಮಾಡುತ್ತೇವೆ ಅಂತ ಕರಾರಿನಲ್ಲಿ ಬರೆದಿದ್ದರೆ ಅದನ್ನು ಅವರೇ ಬಿಡುತ್ತಿರುವುದು.

ಅದೇ ಪುಟದಲ್ಲಿ ಹಕ್ಕಿನ ವಿಷಯವನ್ನೂ ಸೇರಿಸಿ. ಇಂಥ ತಾರೀಖಿನ ಒಳಗೆ ಆಟ ಬಿಡುಗಡೆ ಆಗದಿದ್ದರೆ ಅಥವಾ ಸತತ ಎರಡು ಸಲ ಪಾವತಿ ತಪ್ಪಿದರೆ ಹಕ್ಕು ನಮಗೆ ವಾಪಸ್, ಅಂತ. "ದಿವಾಳಿಯಾದರೆ ಕರಾರು ರದ್ದು" ಅನ್ನುವ ಸಾಲನ್ನೇ ನಂಬಿ ಕೂರಬೇಡಿ. ಅಮೆರಿಕದ ದಿವಾಳಿ ಕಾನೂನಿನ 365ನೇ ಸೆಕ್ಷನ್ ಪ್ರಕಾರ ಅಂಥ ಸಾಲು ಸಾಮಾನ್ಯವಾಗಿ ನಡೆಯುವುದಿಲ್ಲ. ಟಿಎಚ್‌ಕ್ಯೂ ಮುಳುಗಿದಾಗ ಅರ್ಧ ಮಾಡಿದ ಆಟಗಳೂ ಹರಾಜಾದವು. ಒಂದು ಯೂಬಿಸಾಫ್ಟ್‌ಗೆ, ಇನ್ನೊಂದು ಟೇಕ್-ಟೂಗೆ, ಎರಡೂ ದೊಡ್ಡ ಗೇಮ್ ಕಂಪನಿಗಳು. ದಿವಾಳಿ ಅರ್ಜಿ ಬೀಳುವ ಮೊದಲೇ ಹಕ್ಕು ನಿಮ್ಮ ಕೈಗೆ ಬಂದಿರಬೇಕು.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಸ್ಟೀಮ್‌ನಲ್ಲಿ ನಿಮ್ಮ ಆಟ ಮಾರುವ ಪುಟ ಯಾರ ಅಕೌಂಟಿನಲ್ಲಿದೆ?

ಪ್ರಶ್ನೆ (ಶಿರಸಿ):
ಎರಡೂ ಆಟದ್ದು ಅವರದ್ದೇ ಅಕೌಂಟು.

ಉತ್ತರ:
ಹೊಸ ಆಟದ್ದನ್ನು ಈಗಲೇ ನಿಮ್ಮ ಅಕೌಂಟಿಗೆ ತನ್ನಿ. ಸ್ಟೀಮ್‌ನಲ್ಲಿ ಒಂದು ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಿ ಯಾರು ಬೇಕಾದರೂ ಪುಟ ತೆರೆಯಬಹುದು. ತೆರೆದ ಪುಟವನ್ನು ಇನ್ನೊಂದು ಅಕೌಂಟಿಗೆ ವರ್ಗಾಯಿಸಲೂ ಬರುತ್ತದೆ, ರಿವ್ಯೂ, ವಿಶ್‌ಲಿಸ್ಟ್ (ಮುಂದೆ ಕೊಳ್ಳೋಣ ಅಂತ ಜನ ಗುರುತು ಹಾಕಿಟ್ಟದ್ದು) ಹಾಗೇ ಉಳಿಯುತ್ತವೆ. ಆದರೆ ಕೊಡುವವರು ಒಪ್ಪಬೇಕು. ಕಂಪನಿಯಲ್ಲಿ ಮೇಲ್ ನೋಡುವವರೇ ಇಲ್ಲದಿದ್ದರೆ ಒಪ್ಪಿಗೆ ಕೊಡುವವರು ಯಾರು? ಜನ ಇರುವಾಗಲೇ ಕೇಳಿ.

ಪ್ರಶ್ನೆ (ಕಾರವಾರ):
ನನ್ನದು ಮೊಬೈಲ್ ಅಂಗಡಿ. ಹಳೆಯ ಪಿಎಸ್4 ಡಿಸ್ಕ್ ತಗೊಂಡು ಮಾರುತ್ತೇನೆ. ಇನ್ನು ನನಗೆ ಕೆಲಸ ಇಲ್ವಾ?

ಉತ್ತರ:
ಹಳೆಯ ಡಿಸ್ಕಿಗೆ ಇನ್ನೂ ಗಿರಾಕಿ ಇದ್ದಾರೆ. ಹೊಸದಕ್ಕೆ ದುಡ್ಡು ಹಾಕುವಾಗ ಮಾತ್ರ ಹುಷಾರು. ಪಿಎಸ್5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೇ ಬಂದಿದೆ, ಡ್ರೈವ್ ಬೇರೆ ಕೊಳ್ಳಬೇಕು. ಕೆಲವು ಬಾಕ್ಸ್‌ನಲ್ಲಿ ಡಿಸ್ಕೇ ಇರುವುದಿಲ್ಲ, ಡೌನ್‌ಲೋಡ್ ಕೋಡ್ ಬರೆದ ಚೀಟಿ ಮಾತ್ರ. ಒಮ್ಮೆ ಬಳಸಿದ ಮೇಲೆ ಅದು ನಿಮ್ಮ ಅಂಗಡಿಗೆ ರದ್ದಿ.

ಪ್ರಶ್ನೆ (ಜೋಯಿಡಾ):
ನಮ್ಮಲ್ಲಿ ನೆಟ್ ಸಿಗಲು ಗುಡ್ಡ ಹತ್ತಬೇಕು. ನಾವು ಡಿಸ್ಕೇ ತಗೊಳ್ಳುವುದು ಒಳ್ಳೆಯದಲ್ವಾ?

ಉತ್ತರ:
ಒಬ್ಬರೇ ಆಡುವ ಹಳೆಯ ಆಟವಾದರೆ ಹೌದು. ಹೊಸ ಆಟಗಳು ಡಿಸ್ಕ್ ಹಾಕಿದ ಮೇಲೂ ಎಷ್ಟೋ ಜಿಬಿ ಅಪ್‌ಡೇಟ್ ಕೇಳುತ್ತವೆ. ಕೊಳ್ಳುವ ಮೊದಲು, ಆ ಆಟ ಡಿಸ್ಕಿನಿಂದಲೇ ಪೂರ್ತಿ ನಡೆಯುತ್ತದಾ ಅಂತ ಒಮ್ಮೆ ಹುಡುಕಿ ನೋಡಿ.

ಪ್ರಶ್ನೆ (ಶಿರಸಿ):
ತೊಂದರೆ ಕೊಡುತ್ತಿದ್ದೇನೆ, ಇದೇ ಕೊನೆಯದು. ಅವರು ಕೊಡುವ ರಾಯಲ್ಟಿಯಲ್ಲಿ 30% ಅಮೆರಿಕದ ತೆರಿಗೆ ಅಂತ ಹೋಗುತ್ತಿದೆ. ಸರಿನಾ?

ಉತ್ತರ:
ನಿಮ್ಮ ಫಾರ್ಮ್ ಅವರ ಹತ್ತಿರ ಇಲ್ಲ ಅನ್ನಿಸುತ್ತದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಇಂಥ ರಾಯಲ್ಟಿಗೆ 15% ದರ. ಅದಕ್ಕೆ ಡಬ್ಲ್ಯೂ-8 ಬಿಇಎನ್ ಫಾರ್ಮ್ ತುಂಬಿ ಕೊಡಬೇಕು, ಪ್ರೈವೇಟ್ ಲಿಮಿಟೆಡ್ ಆದರೆ ಅದರ ಕೊನೆಗೆ ಇನ್ನೊಂದು ಇ ಇರುವ ಫಾರ್ಮ್. ಅಲ್ಲಿ ಕಡಿತವಾದದ್ದಕ್ಕೆ ಇಲ್ಲಿ ರಿಟರ್ನ್ ಹಾಕುವಾಗ ಕ್ರೆಡಿಟ್ ಕೇಳಬಹುದು. ನಿಮ್ಮ ಸಿಎ ಹತ್ತಿರ ಹೋಗುವಾಗ ಎಲ್ಲಾ ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡು ಹೋಗಿ. ಪಬ್ಲಿಷರ್ ಪೋರ್ಟಲ್‌ನಿಂದ ಇವತ್ತೇ ಇಳಿಸಿಕೊಳ್ಳಿ, ಮುಂದಿನ ತಿಂಗಳು ಪೋರ್ಟಲ್ ಇರುತ್ತದೋ ಇಲ್ಲವೋ.