ಪುಪೂಸಾಗೆ ಮಾಡೋ ಟೊಮೆಟೊ ಸಾಲ್ಸಾ ಗೊಜ್ಜಿನ ಥರ ಆಗ್ತಿದೆ, ಎಲ್ಲಿ ತಪ್ಪು?

ಪ್ರಶ್ನೆ: ಕಾವಲಿ_ಬಿಸಿ

ಬರೋ ಭಾನುವಾರ ಹತ್ತು ಜನರಿಗೆ ಪುಪೂಸಾ ಮಾಡಬೇಕು. ಎಲ್ ಸಾಲ್ವಡಾರ್‌ನ ರೊಟ್ಟಿ ಇದು. ಸುಣ್ಣದ ನೀರಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ರುಬ್ಬಿ, ಹೋಳಿಗೆಗೆ ಹೂರಣ ತುಂಬೋ ಹಾಗೆ ಒಳಗೆ ಚೀಸ್, ಬೇಯಿಸಿ ಅರೆದ ಕೆಂಪು ಕಾಳು ತುಂಬಿ, ಕೈಯಲ್ಲೇ ತಟ್ಟಿ ಕಾವಲಿ ಮೇಲೆ ಬೇಯಿಸೋದು. ಜೊತೆಗೆ ಕುರ್ತೀದೊ, ಅಂದ್ರೆ ಎಲೆಕೋಸಿನ ಹುಳಿ ಉಪ್ಪಿನಕಾಯಿ, ಮತ್ತೆ ಟೊಮೆಟೊ ಸಾಲ್ಸಾ. ರೊಟ್ಟಿ ಚೆನ್ನಾಗೇ ಬರ್ತಿದೆ. ತೊಂದರೆ ಸಾಲ್ಸಾದ್ದು.

ಈಗ ಮಾಡ್ತಿರೋ ರೀತಿ: ಅರ್ಧ ಕೆಜಿ ನಾಟಿ ಟೊಮೆಟೊ ಹಸಿಯಾಗೇ ಹೆಚ್ಚಿ, ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ ಸೇರಿಸಿ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡೋದು. 2 ಚಮಚ ಎಣ್ಣೆಯಲ್ಲಿ 4 ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು, ಇದನ್ನ ಸುರಿದು 25 ನಿಮಿಷ ಕುದಿಸೋದು. ಜೀರಿಗೆ ಪುಡಿ, ನಿಂಬೆರಸ ಹಾಕಿ ಕೊನೆಗೆ ಇನ್ನೊಂದು ಸಲ ಮಿಕ್ಸಿಯಲ್ಲಿ ತಿರುವೋದು.

ಆಗ್ತಿರೋದು: ಬಣ್ಣ ಕೆಂಪಿಲ್ಲ, ಪೇಲವ ಕಿತ್ತಳೆ. ನೋಡೋಕೆ ಗಟ್ಟಿ ಇದೆ, ಆದ್ರೆ ತಟ್ಟೆಗೆ ಬಿಟ್ಟ ಎರಡು ನಿಮಿಷಕ್ಕೆ ಸುತ್ತ ನೀರು ಬಿಡುತ್ತೆ. ಕುರ್ತೀದೊ ಜೊತೆ ತಿಂದ್ರೆ ಹಲ್ಲು ಜುಮ್ಮನ್ನೋ ಹುಳಿ. ಕೊನೆಯಲ್ಲಿ ಸ್ವಲ್ಪ ಕಹಿ. ಹತ್ತು ಜನಕ್ಕೆ ಎಷ್ಟು ಬೇಕು, ಶನಿವಾರವೇ ಮಾಡಿಡಬಹುದಾ ಅನ್ನೋದನ್ನೂ ತಿಳಿಸಿ.

ಉತ್ತರ: ರುಬ್ಬುಗುಂಡು

ನೀವು ಬರೆದಿರುವ ನಾಲ್ಕು ತೊಂದರೆಗೂ ಕಾರಣ ನಿಮ್ಮ ವಿಧಾನದಲ್ಲೇ ಇದೆ, ಒಂದೊಂದಾಗಿ ಹೇಳುತ್ತೇನೆ.

ನೀರು ಬಿಡುವುದು ಹಸಿ ಟೊಮೆಟೊ ಹೆಚ್ಚಿ ರುಬ್ಬುವುದರಿಂದ. ಹಣ್ಣಿಗೆ ಮಂದ ಕೊಡುವುದು ಅದರಲ್ಲಿರುವ ಪೆಕ್ಟಿನ್. ಹಸಿ ಹಣ್ಣನ್ನು ಕೊಯ್ದ, ಜಜ್ಜಿದ ಕ್ಷಣದಿಂದ ಅದರೊಳಗಿನ ಕಿಣ್ವಗಳು ಆ ಪೆಕ್ಟಿನ್ನನ್ನು ಒಡೆಯಲು ಶುರುಮಾಡುತ್ತವೆ. ಆಮೇಲೆ ಎಷ್ಟು ಹೊತ್ತು ಕುದಿಸಿದರೂ ತಿರುಳು ಬೇರೆ, ನೀರು ಬೇರೆಯಾಗಿಯೇ ನಿಲ್ಲುತ್ತದೆ. ಅದಕ್ಕೇ ನೀವು 25 ನಿಮಿಷ ಕುದಿಸಿ ಗಟ್ಟಿ ಮಾಡಿದರೂ ತಟ್ಟೆಯಲ್ಲಿ ನೀರು ಕಾಣುತ್ತಿದೆ. ಟೊಮೆಟೊವನ್ನು ಇಡಿಯಾಗಿ ಕುದಿಯುವ ನೀರಿಗೆ ಹಾಕಿ. ಕಿಣ್ವಗಳು ಬಿಸಿಗೆ ಸತ್ತ ಮೇಲೆ ರುಬ್ಬಿದರೆ ಸಾಲ್ಸಾ ತೆಳ್ಳಗಿದ್ದರೂ ಒಂದೇ ಮೈಯಾಗಿರುತ್ತದೆ.

ಬಣ್ಣ ಕೆಟ್ಟಿರುವುದು ಕೊನೆಯ ಮಿಕ್ಸಿಯಿಂದ. ಎಣ್ಣೆ ಸೇರಿದ ಮೇಲೆ ತಿರುವಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು, ಗಾಳಿಯೂ ಸೇರಿ, ಕೆಂಪೆಲ್ಲ ಕಿತ್ತಳೆಗೆ ತಿರುಗುತ್ತದೆ. ಎಣ್ಣೆಗೆ ಹಾಕುವ ಮುಂಚೆ ಮಾತ್ರ ರುಬ್ಬಬೇಕು. ಆಗಲೂ ಗುಲಾಬಿ ಬಣ್ಣದ ನೊರೆ ಬರುತ್ತದೆ, ಹೆದರಬೇಡಿ, ಐದಾರು ನಿಮಿಷ ಕುದಿಯುವಷ್ಟರಲ್ಲಿ ಗಾಳಿ ಹೋಗಿ ಕೆಂಪು ವಾಪಸ್ ಬರುತ್ತದೆ.

ಕಹಿಗೆ ಕಾರಣ ಎರಡು: ಕೆಂಪಗೆ ಹುರಿದ ಬೆಳ್ಳುಳ್ಳಿ, ನುಣ್ಣಗೆ ಅರೆದುಹೋದ ಬೀಜ. ನಾಟಿ ಟೊಮೆಟೊದಲ್ಲಿ ಬೀಜ ಜಾಸ್ತಿ. ಇಲ್ಲಿ ಬೆಳ್ಳುಳ್ಳಿಯನ್ನು ಹುರಿಯುವುದೇ ಬೇಡ, ಟೊಮೆಟೊ ಜೊತೆ ಬೇಯಿಸಿ.

ಈಗ ಅಳತೆ. ಹತ್ತು ಪುಪೂಸಾಗೆ ಸಾಕಾಗುವಷ್ಟು:

ಹೈಬ್ರಿಡ್ ಟೊಮೆಟೊ 350 ಗ್ರಾಂ, ನಾಟಿ 150 ಗ್ರಾಂ. ಹೈಬ್ರಿಡ್‌ನಲ್ಲಿ ತಿರುಳು, ನಾಟಿಯಲ್ಲಿ ರುಚಿ. ಬರೀ ನಾಟಿ ಹಾಕಿದರೆ ಹುಳಿ, ಬರೀ ಹೈಬ್ರಿಡ್ ಹಾಕಿದರೆ ಸಪ್ಪೆ. ಒತ್ತಿದರೆ ಸ್ವಲ್ಪ ಮೆತ್ತಗಿರುವ, ತೊಟ್ಟಿನ ಸುತ್ತಲೂ ಕೆಂಪಾದ ಹಣ್ಣೇ ಆಗಬೇಕು. ಭುಜದ ಹತ್ತಿರ ಹಳದಿ ಇರುವುದು ಬೇಡ.
ಈರುಳ್ಳಿ ಒಂದು, 80 ಗ್ರಾಂ.
ದಪ್ಪ ಮೆಣಸಿನಕಾಯಿ, ಅಂದರೆ ಹಸಿರು ಕ್ಯಾಪ್ಸಿಕಂ, ಅರ್ಧ, ಬೀಜ ತೆಗೆದು. ಇದನ್ನು ನೀವು ಬಿಟ್ಟಿದ್ದೀರಿ. ಆ ಸಾಲ್ಸಾದ ಗುರುತೇ ಈ ಘಮ.
ಬೆಳ್ಳುಳ್ಳಿ 2 ಎಸಳು. ಒರೆಗಾನೊ ಕಾಲು ಟೀ ಚಮಚ. ಉಪ್ಪು ಮುಕ್ಕಾಲು ಟೀ ಚಮಚ. ಎಣ್ಣೆ 1 ಚಮಚ. ನೀರು 250 ಎಂಎಲ್.

ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಇಡೀ ಟೊಮೆಟೊ, ನಾಲ್ಕು ಹೋಳು ಮಾಡಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಮುಚ್ಚಿ, 10ರಿಂದ 12 ನಿಮಿಷ ಬೇಯಿಸಿ. ಸಿಪ್ಪೆ ಒಡೆದು ಮೇಲಕ್ಕೆ ಸುರುಳಿಯಾಗಬೇಕು. ಸಿಪ್ಪೆಯನ್ನು ಬೆರಳಲ್ಲಿ ಎಳೆದು ತೆಗೆಯಿರಿ, ಹೈಬ್ರಿಡ್ ಸಿಪ್ಪೆ ಮಿಕ್ಸಿಯಲ್ಲಿ ಸಾಯುವುದಿಲ್ಲ, ಸಣ್ಣ ಕಡ್ಡಿಗಳಾಗಿ ಬಾಯಿಗೆ ಸಿಗುತ್ತದೆ. ಆರಿದ ಮೇಲೆಯೇ ಮಿಕ್ಸಿಗೆ ಹಾಕಿ. ಬಿಸಿಯಾಗಿ ಹಾಕಿದರೆ ಹಬೆ ಮುಚ್ಚಳವನ್ನು ಎತ್ತಿ ಎಸೆಯುತ್ತದೆ. ಬೇಯಿಸಿದ ನೀರು ಚೆಲ್ಲಬೇಡಿ, ಅದರ ಸಮೇತ ಹಾಕಿ. ಮೂರ್ನಾಲ್ಕು ಸಲ ತಿರುವಿ ನಿಲ್ಲಿಸಿ ತಿರುವಿದರೆ ಸಾಕು. ಓಡಿಸಿಬಿಟ್ಟರೆ ಬೀಜ ಅರೆದು ಕಹಿಯಾಗುತ್ತದೆ. ನಂತರ ದೊಡ್ಡ ಕಣ್ಣಿನ ಜಾಲರಿಯಲ್ಲಿ ಸೋಸಿ.

ಅಗಲವಾದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸೋಸಿದ್ದನ್ನು ಸುರಿಯಿರಿ. ಒರೆಗಾನೊವನ್ನು ಅಂಗೈಯಲ್ಲಿ ಉಜ್ಜಿ ಹಾಕಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ. ಸೌಟಿನಿಂದ ಬಿಟ್ಟರೆ ಕಡಿಯದೆ ಧಾರೆಯಾಗಿ ಬೀಳಬೇಕು. ಒಬ್ಬಟ್ಟಿನ ಸಾರಿಗಿಂತ ಒಂಚೂರು ಮಂದ, ಅಷ್ಟೇ. ಪುಪೂಸಾವನ್ನು ಬೆರಳಲ್ಲಿ ಮುರಿದಾಗ ಸಾಲ್ಸಾ ಆ ಬಿರುಕಿನೊಳಗೆ ಇಳಿದು ಚೀಸಿಗೆ ತಾಗಬೇಕು. ಗೊಜ್ಜಿನ ಹಾಗೆ ಮೇಲೆ ಕೂತರೆ ಅದರ ಕೆಲಸ ಆಗಲಿಲ್ಲ ಅಂತಲೇ ಅರ್ಥ.

ಜೀರಿಗೆ, ನಿಂಬೆ ಎರಡನ್ನೂ ಬಿಡಿ. ಕೆಲವರು ಕೊತ್ತಂಬರಿ ಸೊಪ್ಪಿನ ಒಂದೆರಡು ಕಡ್ಡಿ ಹಾಕುವುದುಂಟು, ಅದು ನಿಮ್ಮಿಷ್ಟ. ಜೀರಿಗೆ ಬಿದ್ದರೆ ಮಾತ್ರ ನಮ್ಮ ಮೂಗಿಗೆ ತಕ್ಷಣ ಸಾರಿನ ಪುಡಿಯ ನೆನಪೇ ಬರುತ್ತದೆ.

ಉತ್ತರ: ಕೋಸು_ಕ್ಯಾರೆಟ್

ರುಬ್ಬುಗುಂಡು ಅವರು ಹೇಳಿದ್ದು ಸರಿ. ಹುಳಿಯ ವಿಷಯ ಮಾತ್ರ ಸಾಲ್ಸಾದಲ್ಲಿ ಅಷ್ಟೇ ನೋಡಿದ್ರೆ ಬಗೆಹರಿಯಲ್ಲ. ಸಾಲ್ಸಾ ಮತ್ತೆ ಕುರ್ತೀದೊ ಜೋಡಿ. ಹುಳಿ ಕೊಡೋದು ಕುರ್ತೀದೊ ಕೆಲಸ, ಮೆತ್ತನೆ ಸಿಹಿ ಕೊಡೋದು ಸಾಲ್ಸಾ ಕೆಲಸ. ಎರಡಕ್ಕೂ ಹುಳಿ ಹಾಕಿದ್ರೆ ಜೋಳದ ರುಚಿಯೇ ಸತ್ತೋಗುತ್ತೆ. ಅದಕ್ಕೆ ಮೊದಲು ಕುರ್ತೀದೊ ಮಾಡಿ, ಅದನ್ನ ಬಾಯಲ್ಲಿ ಇಟ್ಕೊಂಡೇ ಸಾಲ್ಸಾದ ಉಪ್ಪು ಹುಳಿ ನೋಡಿ.

ಕುರ್ತೀದೊ ಅಳತೆ: ಎಲೆಕೋಸು 500 ಗ್ರಾಂ ಎಳೆ ಎಳೆಯಾಗಿ ಹೆಚ್ಚಿ, ತುರಿದ ಕ್ಯಾರೆಟ್ 80 ಗ್ರಾಂ, ಅರ್ಧ ಈರುಳ್ಳಿ. ಕೋಸಿನ ಮೇಲೆ ಮಾತ್ರ ಕುದಿಯೋ ನೀರು ಸುರಿದು, ಒಂದು ನಿಮಿಷಕ್ಕೆ ಬಸಿದು, ತಣ್ಣೀರು ಹಾಯಿಸಿ ಹಿಂಡಿ. ಮೂರು ನಿಮಿಷ ಬಿಟ್ರೆ ಪಲ್ಯದ ಕೋಸಾಗುತ್ತೆ, ಕರುಂ ಅನ್ನಲ್ಲ. ವಿನೆಗರ್ 120 ಎಂಎಲ್, ನೀರು 120 ಎಂಎಲ್, ಉಪ್ಪು 2 ಟೀ ಚಮಚ, ಒರೆಗಾನೊ 1 ಟೀ ಚಮಚ ಬೆರೆಸಿ ಒತ್ತಿ ಮುಚ್ಚಿಡಿ. ನಾಲ್ಕು ಗಂಟೆಗೆ ತಿನ್ನಬಹುದು, ಮಾರನೇ ದಿನ ಇನ್ನೂ ಚೆನ್ನ. ವಿನೆಗರ್ ಇಲ್ಲದೆ ಹುದುಗಿಸೋದಾದ್ರೆ ಕೋಸಿಗೆ ಬಿಸಿನೀರು ಹಾಕಬೇಡಿ. ಎಲ್ಲ ತರಕಾರಿಯ ತೂಕದ ಶೇಕಡ 2ರಷ್ಟು ಉಪ್ಪು ಹಾಕಿ ನೀರು ಬಿಡೋವರೆಗೆ ಹಿಸುಕಿ, ಕೋಸು ತನ್ನ ನೀರಲ್ಲೇ ಮುಳುಗಿರೋ ಹಾಗೆ ಮೇಲೆ ಭಾರ ಇಡಿ. ಬೆಂಗಳೂರಿನ ಹವೆಗೆ ಎರಡು ಮೂರು ದಿನದಲ್ಲಿ ಹುಳಿ ಬರುತ್ತೆ, ಆಮೇಲೆ ಫ್ರಿಜ್ಜಿಗೆ.

ಬಡಿಸುವಾಗ ಚಮಚವನ್ನ ಡಬ್ಬದ ಗೋಡೆಗೆ ಒತ್ತಿ ನೀರು ಬಸಿದು ಹಾಕಿ. ನಿಮ್ಮ ತಟ್ಟೆಯಲ್ಲಿ ಕಾಣೋ ನೀರಲ್ಲಿ ಕುರ್ತೀದೊ ಪಾಲೂ ಇರಬಹುದು.

ಒರೆಗಾನೊ ಬಗ್ಗೆ ಒಂದು ಮಾತು. ಪಿಜ್ಜಾ ಜೊತೆ ಬರೋ ಪೊಟ್ಟಣದಲ್ಲಿ ಎಷ್ಟೋ ಸಲ ಉಪ್ಪು, ಬೆಳ್ಳುಳ್ಳಿ ಪುಡಿ, ಮೆಣಸಿನ ಚೂರೂ ಸೇರಿರುತ್ತೆ, ಹಿಂದೆ ಓದಿ ನೋಡಿ. ಏನೂ ಸಿಗದಿದ್ರೆ ಕುಂಡದ ದೊಡ್ಡಪತ್ರೆ ಇದೆಯಲ್ಲ, ಅದರ ಒಂದು ಎಲೆ. ಕಾರ್ವಕ್ರೋಲ್ ಅನ್ನೋ ಅದೇ ಎಣ್ಣೆಯ ವಾಸನೆ ಎರಡರಲ್ಲೂ ಇದೆ. ಲ್ಯಾಟಿನ್ ಅಮೆರಿಕದ ಕೆಲವು ಕಡೆ ದೊಡ್ಡಪತ್ರೆಗೇ ಒರೆಗಾನೊ ಅಂತಾರೆ. ಎಲೆನ ಇಡಿಯಾಗಿ ಟೊಮೆಟೊ ಜೊತೆ ಬೇಯಿಸಿ, ರುಬ್ಬೋ ಮುಂಚೆ ತೆಗೆದುಬಿಡಿ. ರುಬ್ಬಿದ್ರೆ ಅಥವಾ ಎರಡು ಎಲೆ ಹಾಕಿದ್ರೆ ಕೆಮ್ಮಿನ ಕಷಾಯ ಆಗುತ್ತೆ.

ಉತ್ತರ: ಗುಂಟೂರು_ಬ್ಯಾಡಗಿ

ಖಾರದ ಬಗ್ಗೆ ಯಾರೂ ಹೇಳಿಲ್ಲ. ಪುಪೂಸಾ ಮೇಲೆ ಸುರಿಯುವ ಸಾಲ್ಸಾ ಸಾಮಾನ್ಯವಾಗಿ ಖಾರ ಇರುವುದಿಲ್ಲ. ಖಾರ ಬೇಕಾದವರಿಗೆ ಬೇರೆ ಬಾಟಲಿ. ನಿಮ್ಮ ಎರಡು ಹಸಿಮೆಣಸಿನಕಾಯಿಯನ್ನು ಸಾಲ್ಸಾದಿಂದ ತೆಗೆದು ಹೀಗೆ ಮಾಡಿ: 100 ಗ್ರಾಂ ಸಣ್ಣ ಹಸಿಮೆಣಸಿನಕಾಯಿ, ಬಿಲ್ಲೆ ಮಾಡಿದ ಕ್ಯಾರೆಟ್ 50 ಗ್ರಾಂ, ಈರುಳ್ಳಿ 50 ಗ್ರಾಂ ಗಾಜಿನ ಬಾಟಲಿಗೆ ತುಂಬಿ. ವಿನೆಗರ್ 200 ಎಂಎಲ್‌ಗೆ 1 ಟೀ ಚಮಚ ಉಪ್ಪು ಹಾಕಿ, ನೀರು ಬೆರೆಸದೆ ಕುದಿಸಿ ಸುರಿಯಿರಿ. ಪ್ರತಿ ಮೆಣಸಿನಕಾಯಿಯನ್ನೂ ಉದ್ದಕ್ಕೆ ಸೀಳಿರಬೇಕು. ಸೀಳದಿದ್ದರೆ ಒಳಗಿನ ಗಾಳಿಗೆ ತೇಲುತ್ತದೆ, ವಿನೆಗರ್ ಒಳಗೆ ಹೋಗದೆ ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನ ಬಿಡಿ. ಭಾನುವಾರಕ್ಕೆ ಬೇಕಾದರೆ ಗುರುವಾರವೇ ಹಾಕಿಡಿ.

ಬಣ್ಣ ಇನ್ನೂ ಸಾಲದು ಅನ್ನಿಸಿದರೆ ಒಂದು ಬ್ಯಾಡಗಿ ಮೆಣಸಿನಕಾಯಿ, ಬೀಜ ಕೊಡವಿ, ಟೊಮೆಟೊ ಜೊತೆ ಬೇಯಿಸಿ ರುಬ್ಬಿ. ಖಾರ ಅಷ್ಟಾಗಿ ಬರುವುದಿಲ್ಲ, ಕೆಂಪು ಬರುತ್ತದೆ. ಗುಂಟೂರು ಬೇಡ.

ಉತ್ತರ: ರುಬ್ಬುಗುಂಡು

@ಗುಂಟೂರು_ಬ್ಯಾಡಗಿ, ಬ್ಯಾಡಗಿ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಬಣ್ಣ ಸಿಗುತ್ತದೆ ನಿಜ, ಜೊತೆಗೆ ಒಣಮೆಣಸಿನಕಾಯಿಯ ವಾಸನೆಯೂ ಬಂದು ದಪ್ಪ ಮೆಣಸಿನಕಾಯಿಯ ಹಸಿ ಘಮ ಮುಚ್ಚಿಹೋಗುತ್ತದೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಅದರ ಅಗತ್ಯವೇ ಬೀಳದು. ಟೊಮೆಟೊವನ್ನು ಬುಧವಾರ ಗುರುವಾರವೇ ತಂದು ಫ್ರಿಜ್ಜಿನಲ್ಲಿಡದೆ ಬುಟ್ಟಿಯಲ್ಲಿ ಹರಡಿ. ಮೂರು ದಿನದಲ್ಲಿ ಬಣ್ಣ ತಾನಾಗಿ ಏರುತ್ತದೆ.

ಕಾವಲಿ_ಬಿಸಿ

ಎಲ್ಲರಿಗೂ ಧನ್ಯವಾದ. ಇವತ್ತು ಅರ್ಧ ಕೆಜಿಯಲ್ಲಿ ಮಾಡಿ ನೋಡಿದೆ. ನೀರು ಬಿಡೋದು ನಿಂತಿದೆ, ಬಣ್ಣವೂ ಕೆಂಪಾಗಿದೆ. ಹುಳಿ ಇನ್ನೂ ಚೂರು ಜಾಸ್ತಿ. ಬೆಲ್ಲ ಹಾಕಬಹುದಾ? ಮೂವತ್ತು ಪುಪೂಸಾಗೆ ಎಲ್ಲವನ್ನೂ ಮೂರರಿಂದ ಗುಣಿಸಿದ್ರೆ ಸಾಕಾ? ಕುಕ್ಕರಲ್ಲಿ ಬೇಯಿಸಿದ್ರೆ? ಅಕ್ಕಿ ಹಿಟ್ಟಲ್ಲೂ ಒಂದಷ್ಟು ಮಾಡೋ ಯೋಚನೆ ಇದೆ.

ಉತ್ತರ: ಕೋಸು_ಕ್ಯಾರೆಟ್

ಬೆಲ್ಲ ಬೇಡವೇ ಬೇಡ, ಬಣ್ಣ ಕಂದಾಗಿ ಮತ್ತೆ ಗೊಜ್ಜಿಗೇ ಹೋಗ್ತೀರಿ. ಅರ್ಧ ಕೆಜಿಗೆ ಅರ್ಧ ಟೀ ಚಮಚ ಸಕ್ಕರೆ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ರೆ ಎರಡು ಬೆರಳಲ್ಲಿ ಹಿಡಿಯೋಷ್ಟು ಅಡುಗೆ ಸೋಡಾ ಕುದಿಯೋವಾಗ ಹಾಕಿ. ನೊರೆ ಉಕ್ಕಿ ಇಳಿಯುತ್ತೆ, ಹುಳಿ ಕಡಿಮೆ ಆಗುತ್ತೆ. ಜಾಸ್ತಿ ಆದ್ರೆ ಸೋಪಿನ ರುಚಿ, ತಿದ್ದೋಕಾಗಲ್ಲ.

ಅಕ್ಕಿ ಹಿಟ್ಟಿನದು ಧಾರಾಳವಾಗಿ ಮಾಡಿ. ಎಲ್ ಸಾಲ್ವಡಾರ್‌ನ ಒಲೊಕುಯಿಲ್ತಾ ಅನ್ನೋ ಊರು ಅಕ್ಕಿ ಪುಪೂಸಾಗೇ ಹೆಸರುವಾಸಿ. ಅಕ್ಕಿ ಮೈ ನುಣುಪು, ಸಾಲ್ಸಾ ಜಾರಿಬಿಡುತ್ತೆ. ಅದಕ್ಕೆ ಹಾಕೋದನ್ನ ಇನ್ನೆರಡು ನಿಮಿಷ ಕುದಿಸಿ.

ಉತ್ತರ: ರುಬ್ಬುಗುಂಡು

ಎಲ್ಲವನ್ನೂ ಮೂರರಿಂದ ಗುಣಿಸಬೇಡಿ. ಒಂದು ಪುಪೂಸಾಗೆ ಸುಮಾರು 50 ಎಂಎಲ್ ಅಂದರೆ ಒಟ್ಟು ಒಂದೂವರೆ ಲೀಟರ್ ಬೇಕು. ಟೊಮೆಟೊ ಒಂದೂವರೆ ಕೆಜಿ, ಈರುಳ್ಳಿ 3, ದಪ್ಪ ಮೆಣಸಿನಕಾಯಿ ಒಂದೂವರೆ. ಇವು ಮೂರರಷ್ಟೇ. ನೀರು ಮಾತ್ರ 600 ಎಂಎಲ್ ಸಾಕು, ದೊಡ್ಡ ಪಾತ್ರೆಯಲ್ಲಿ ಆ ಲೆಕ್ಕಕ್ಕೆ ಆವಿಯಾಗುವುದು ಕಡಿಮೆ. ಬೆಳ್ಳುಳ್ಳಿ 5 ಎಸಳು, ಒರೆಗಾನೊ ಅರ್ಧ ಟೀ ಚಮಚ. ಉಪ್ಪು ಮೊದಲು ಒಂದೂವರೆ ಟೀ ಚಮಚ ಹಾಕಿ, ಉಳಿದದ್ದು ಕೊನೆಗೆ ರುಚಿ ನೋಡಿ.

ಕುಕ್ಕರ್ ಬೇಡ. ಟೊಮೆಟೊ ಬೇಗ ಬೇಯುತ್ತದೆ, ಆದರೆ ದಪ್ಪ ಮೆಣಸಿನಕಾಯಿ ಮಂಕಾಗಿ ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ, ಕಬ್ಬಿಣದ ಬಾಣಲೆ ಇವೂ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಕಬ್ಬಿಣದಲ್ಲಾದರೆ ಬಣ್ಣವೂ ಕಪ್ಪಾಗುತ್ತದೆ. ಅಂದ ಹಾಗೆ ಜೋಳವನ್ನು ಸುಣ್ಣದಲ್ಲಿ ಬೇಯಿಸುವುದಕ್ಕೂ ಅಲ್ಯೂಮಿನಿಯಂ ಆಗದು, ಸುಣ್ಣವೂ ಅದನ್ನು ತಿನ್ನುತ್ತದೆ.

ಶನಿವಾರವೇ ಮಾಡಿಡಿ, ಮಾರನೇ ದಿನಕ್ಕೆ ಒರೆಗಾನೊ ಹದವಾಗಿ ಬೆರೆತಿರುತ್ತದೆ. ಒಲೆ ಆರಿಸಿ ಒಂದು ಗಂಟೆಯೊಳಗೆ ಅಗಲ ಡಬ್ಬಗಳಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ನಾಲ್ಕು ದಿನ ಚೆನ್ನಾಗಿರುತ್ತದೆ. ಫ್ರೀಜರಿನಲ್ಲಿ ಎರಡು ತಿಂಗಳು. ಬಾಟಲಿಗೆ ಬಿಸಿಯಾಗಿ ತುಂಬಿ ಮುಚ್ಚಿ ಕಪಾಟಿನಲ್ಲಿಡುವ ಕೆಲಸ ಮಾತ್ರ ಮಾಡಬೇಡಿ. ಟೊಮೆಟೊದ ಹುಳಿಯೇ ಗಡಿಯ ಹತ್ತಿರ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಅದರ ಮೇಲೆ ಅಡುಗೆ ಸೋಡಾವೂ ಸೇರಿದರೆ ಹುಳಿ ಇನ್ನೂ ಇಳಿದು, ಅದನ್ನು ಅಳೆಯುವ ಪಿಎಚ್ 4.6 ದಾಟಬಹುದು (ಪಿಎಚ್ ಏರಿದಷ್ಟೂ ಹುಳಿ ಕಡಿಮೆ). ಆಗ ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ವಿಷ ಹುಟ್ಟುವ ಅಪಾಯ ಇದೆ, ಅದು ವಾಸನೆಯಲ್ಲಿ ಗೊತ್ತಾಗುವುದಿಲ್ಲ.

ಭಾನುವಾರ ಬಡಿಸುವ ಮುಂಚೆ ಒಂದು ಕುದಿ ಬರಿಸಿ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದು ಮಂದವಾಗಿರುತ್ತದೆ, ಅರ್ಧ ಲೋಟ ಬಿಸಿನೀರು ಸೇರಿಸಿ ಧಾರೆ ನೋಡಿಕೊಳ್ಳಿ. ಉಗುರುಬೆಚ್ಚಗೆ ಬಡಿಸಿ. ಫ್ರಿಜ್ಜಿನಿಂದ ತೆಗೆದದ್ದನ್ನೇ ಸುರಿದರೆ ಕಾವಲಿಯಿಂದ ಇಳಿದ ಪುಪೂಸಾ ಒಳಗಿನ ಚೀಸ್ ಅಲ್ಲೇ ಗಟ್ಟಿಯಾಗಿ, ಎಳೆ ಬರುವುದಿಲ್ಲ.