ಸಿಆರ್‌ಎಂ, ಡೇಟಾಬೇಸ್ ಸಿಂಕ್ ಮಾಡಿಕೊಟ್ಟರೆ ಕೊಡಗಿನಲ್ಲಿ ಗಿರಾಕಿ ಸಿಗ್ತಾರಾ?

ಗೋಣಿಕೊಪ್ಪಲಿನಿಂದ ಪ್ರಶ್ನೆ:
ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಜೋಹೋ, ಸೇಲ್ಸ್‌ಫೋರ್ಸ್ ತರಹದ, ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್ ಆದ ಸಿಆರ್‌ಎಂನಲ್ಲಿರುವ ಗ್ರಾಹಕರ ವಿವರವನ್ನು ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ತಾನಾಗಿ ಹೊಂದಿಸುವ (ಸಿಂಕ್ ಮಾಡುವ) ಸಾಫ್ಟ್‌ವೇರ್ ಮಾಡಬೇಕು ಅಂತಿದ್ದೇನೆ. ಕೊಳ್ಳುವವರು ಇದ್ದಾರಾ? ಅನುಭವ ಇದ್ದವರು ಹೇಳಿ.

ಮಡಿಕೇರಿಯಿಂದ:
ಖಂಡಿತ ಇದ್ದಾರೆ. ನಾನು ನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆದರೆ ‘ಸಿಂಕ್ ಬೇಕು’ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನನ್ನ ಮೊದಲ ಗಿರಾಕಿ ಕಾಫಿ ಪುಡಿ ಮಾರುವವರು. ಆರ್ಡರ್ ಬಂದು ಬೀಳುವುದು ವೆಬ್‌ಸೈಟಿನ ಮೈಎಸ್‌ಕ್ಯೂಎಲ್‌ಗೆ. ಫೋನ್ ಎತ್ತುವ ಹುಡುಗಿ ನೋಡುವುದು ಸಿಆರ್‌ಎಂ. ಗ್ರಾಹಕರು ಮನೆ ಬದಲಾಯಿಸಿದ್ದನ್ನು ಅವಳು ಬರೆದುಕೊಂಡಿದ್ದಳು, ಪಾರ್ಸೆಲ್ ಮಾತ್ರ ಹಳೇ ಮನೆಗೇ ಹೋಗುತ್ತಿತ್ತು. ‘ಪಾರ್ಸೆಲ್ ವಾಪಸ್ ಬರೋದು ನಿಲ್ಲಿಸಿಕೊಡಿ, ಸಾಕು’ ಅಂದರು. ನೀವು ಹುಡುಕಬೇಕಾದ್ದು ಇಂಥ ಮಾತನ್ನು.

ಕೆಲಸಕ್ಕೆ ಕೂತರೆ ಒಬ್ಬರದ್ದೇ ನಂಬರ್ ಒಂದು ಕಡೆ +91 ಸೇರಿ, ಇನ್ನೊಂದು ಕಡೆ ಸೊನ್ನೆಯಿಂದ ಶುರು. ಇಬ್ಬರು ಗ್ರಾಹಕರು ಅಂತ ಲೆಕ್ಕ! ನಂಬರ್ ಒಂದೇ ರೀತಿ ಮಾಡುವುದಕ್ಕೇ ಒಂದು ವಾರ ಹೋಯಿತು. ದುಡ್ಡು ಕೇಳುವಾಗ ಈ ವಾರವನ್ನೂ ಸೇರಿಸಿ.

ಸೇಲ್ಸ್‌ಫೋರ್ಸ್ ಮುಟ್ಟುವುದಾದರೆ ಇನ್ನೊಂದು ಮಾತು. ಅದು ಪ್ರತಿ ದಾಖಲೆಗೆ ಗುರುತಾಗಿ ಕೊಡುವ 15 ಅಕ್ಷರದ ಐಡಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಬೇರೆ, ಸಣ್ಣ ‘ಎ’ ಬೇರೆ. ಮೈಎಸ್‌ಕ್ಯೂಎಲ್‌ಗೆ ನೀವಾಗಿ ಹೇಳದಿದ್ದರೆ ಎರಡೂ ಒಂದೇ. ನನ್ನ ಕೈಯಲ್ಲೇ ಇಬ್ಬರ ವಿವರ ಒಂದೇ ಸಾಲಿಗೆ ಹೋಗಿ, ಮೊದಲಿನವರದ್ದು ಅಳಿಸಿಹೋಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದೇ ಐಡಿಯ 18 ಅಕ್ಷರದ ರೂಪವನ್ನೇ ಬಳಸಿ, ಈ ತೊಂದರೆ ಬರುವುದಿಲ್ಲ.

ದೊಡ್ಡ ಕಂಪನಿಗಳ ಹಿಂದೆ ಹೋಗಬೇಡಿ. ಸೇಲ್ಸ್‌ಫೋರ್ಸ್ ಮತ್ತು ಪೋಸ್ಟ್‌ಗ್ರೆಸ್ ನಡುವೆ ಇದೇ ಸಿಂಕ್ ಮಾಡುವ ಹೆರೋಕು ಕನೆಕ್ಟ್ ಅನ್ನುವ ಸೇವೆ ಆಗಲೇ ಇದೆ.

ಸೋಮವಾರಪೇಟೆಯಿಂದ:
ನಮ್ಮದು ಹೋಮ್‌ಸ್ಟೇ, ಕೊಳ್ಳುವವರ ಕಡೆಯಿಂದ ಹೇಳುತ್ತೇನೆ. ಜುಲೈ ಮಳೆಗೆ ಎರಡು ದಿನ ಕರೆಂಟ್ ಇಲ್ಲ, ನೆಟ್ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿದ್ದ ಸಿಂಕ್ ಮತ್ತೆ ಶುರುವಾದಾಗ ‘ಈಗಿನಿಂದ’ ಶುರುವಾಯಿತು. ನಡುವಿನ ಬುಕಿಂಗ್ ಯಾವುದೂ ಇಳಿಯಲೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ಬಂದವರಿಗೆ ರೂಮಿಲ್ಲ ಅನ್ನಬೇಕಾಯಿತು. ಕೊನೆಯ ಸಲ ಸರಿಯಾಗಿ ಮುಗಿದ ಸಮಯ ಬರೆದಿಟ್ಟುಕೊಂಡು ಅಲ್ಲಿಂದಲೇ ಎತ್ತಿಕೊಳ್ಳುವ ಹಾಗೆ ಮಾಡಿ. ಒಂದು ಕಡೆ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ), ಇನ್ನೊಂದು ಕಡೆ ನಮ್ಮ ಸಮಯ ಇದ್ದರೆ ಐದೂವರೆ ಗಂಟೆ ವ್ಯತ್ಯಾಸ ಬರುತ್ತೆ, ಅದನ್ನೂ ನೋಡಿಕೊಳ್ಳಿ. ಕ್ಯಾನ್ಸಲ್ ಆಗಿ ಅಳಿಸಿದ ಬುಕಿಂಗ್ ‘ಬದಲಾದ ಸಾಲು’ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಬೇರೆ ದಾರಿ ಇಡಬೇಕು. ಇಷ್ಟು ಮಾಡಿಕೊಡುವವರಿಗೆ ನಾವು ಸಂತೋಷವಾಗಿ ದುಡ್ಡು ಕೊಡುತ್ತೇವೆ.

ವಿರಾಜಪೇಟೆಯಿಂದ:
ಒಂದೇ ಸಲ ದುಡ್ಡು ತಗೊಂಡು ಕೈತೊಳೆದುಕೊಳ್ಳಬೇಡಿ. ಸಿಆರ್‌ಎಂನವರು ಎಪಿಐ (ಬೇರೆ ಸಾಫ್ಟ್‌ವೇರ್ ಒಳಗಿನ ವಿವರ ಪಡೆಯುವ ದಾರಿ) ಬದಲಾಯಿಸುತ್ತಲೇ ಇರುತ್ತಾರೆ, ಆಗ ಜನ ನಿಮಗೇ ಫೋನ್ ಮಾಡುತ್ತಾರೆ. ವರ್ಷಕ್ಕಿಷ್ಟು ಅಂತ ಮಾತಾಡಿ. ತೋಟದವರಾದರೆ ರೋಬಸ್ಟಾ ಕಾಫಿ ಕುಯ್ಲು ಮುಗಿದ ಮೇಲೆ ದುಡ್ಡು ಕೇಳಿ. ಮಳೆಗಾಲದಲ್ಲಿ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.