ಸಂಶೋಧನೆ ಆಗಿದೆ ಅಂದ್ರೆ ಎಷ್ಟು ನಂಬಬಹುದು? ನಮ್ಮ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ದಿನಾ ಒಂದಲ್ಲ ಒಂದು ಹೊಸ ಸಂಶೋಧನೆಯ ಸುದ್ದಿ ಬರುತ್ತದೆ, ಆಮೇಲೆ ಅದು ನಿಜವಾ ಸುಳ್ಳಾ ಅಂತ ವಾದ ಶುರುವಾಗುತ್ತದೆ. ಅದಕ್ಕೇ ಈ ವಾರ ನಮ್ಮೂರಿನವರೇ ಆದ ಒಬ್ಬರನ್ನು ಕರೆದಿದ್ದೇವೆ. ಮಡಿಕೇರಿಯಲ್ಲಿ ಓದಿದವರು, ಗಣಿತದಲ್ಲಿ ಎಂಎಸ್‌ಸಿ, ಈಗ ವೈದ್ಯಕೀಯ ಸಂಶೋಧನೆಗಳ ಅಂಕಿಅಂಶ ನೋಡುವ ಕೆಲಸ. ಅವರು ಡಾಕ್ಟರ್ ಅಲ್ಲ, ದಯವಿಟ್ಟು ಬ್ಲಡ್ ರಿಪೋರ್ಟ್ ಹಾಕಿ ಔಷಧ ಕೇಳಬೇಡಿ.

ಸುಂಟಿಕೊಪ್ಪದಿಂದ: ಮೇಡಂ, ನಮ್ಮದು ರೋಬಸ್ಟಾ ತೋಟ. ಅಪ್ಪನಿಗೆ ಶುಗರ್ ಇದೆ. ಕಾಫಿ ಕುಡಿದರೆ ಶುಗರ್ ಕಡಿಮೆ ಅಂತ ಸಂಶೋಧನೆ ಆಗಿದೆ ಎಂದು ವಾಟ್ಸಾಪ್‌ನಲ್ಲಿ ಬಂತು. ಅಪ್ಪ ಅದನ್ನು ತೋರಿಸಿ, ಮಾತ್ರೆ ಕಡಿಮೆ ಮಾಡ್ತೀನಿ, ಕಾಫಿ ಜಾಸ್ತಿ ಮಾಡ್ತೀನಿ ಅಂತಿದ್ದಾರೆ. ಅದೂ ಬೆಲ್ಲದ ಕಾಫಿ. ನಿಜವಾ ಇದು?

ಉತ್ತರ: ಅಣ್ಣ, ಮಾತ್ರೆ ಕಡಿಮೆ ಮಾಡುವುದು ಬೇಡ. ಅದನ್ನು ಇವತ್ತೇ ಅಪ್ಪನಿಗೆ ಹೇಳಿ, ಉಳಿದದ್ದು ಆಮೇಲೆ.

ಸುದ್ದಿ ಪೂರ್ತಿ ಸುಳ್ಳಲ್ಲ. ದಿನಾ ಕಾಫಿ ಕುಡಿಯುವವರಲ್ಲಿ ಟೈಪ್ 2 ಶುಗರ್ ಬರುವುದು ಸ್ವಲ್ಪ ಕಡಿಮೆ ಅಂತ ಬೇರೆ ಬೇರೆ ದೇಶಗಳ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೇ ಕಂಡಿದೆ. ಆದರೆ ಅಲ್ಲಿ ಯಾರಿಗೂ ಕಾಫಿ ಕೊಟ್ಟು ಪರೀಕ್ಷೆ ಮಾಡಿದ್ದಲ್ಲ. ದಿನಕ್ಕೆ ಎಷ್ಟು ಕಪ್ ಕುಡೀತೀರಿ ಅಂತ ಸಾವಿರಾರು ಜನರನ್ನು ಕೇಳಿ ಬರೆದುಕೊಂಡು, ವರ್ಷಗಟ್ಟಲೆ ಕಾದು, ಅವರಲ್ಲಿ ಯಾರಿಗೆ ಶುಗರ್ ಬಂತು ಅಂತ ಲೆಕ್ಕ ಹಾಕಿದ್ದು. ನಮ್ಮಲ್ಲಿ ಜೀಪ್ ಇರುವ ತೋಟಗಳಲ್ಲಿ ಇಳುವರಿ ಜಾಸ್ತಿ ಅಂತ ಯಾರಾದರೂ ಲೆಕ್ಕ ತೆಗೆದರೆ ಅದು ಸರಿಯಾಗಿಯೇ ಬರಬಹುದು, ಆದರೆ ಜೀಪ್ ತಂದು ನಿಲ್ಲಿಸಿದ ಮಾತ್ರಕ್ಕೆ ಗಿಡದಲ್ಲಿ ಕಾಯಿ ಕಟ್ಟುವುದಿಲ್ಲ, ಅಲ್ವಾ? ಜೀಪ್ ಕೊಳ್ಳುವಷ್ಟು ಅನುಕೂಲ ಇರುವವರು ಸ್ಪ್ರಿಂಕ್ಲರ್, ಗೊಬ್ಬರ, ಆಳು ಎಲ್ಲಕ್ಕೂ ಖರ್ಚು ಮಾಡಿರುತ್ತಾರೆ. ಕಾಫಿ ಕುಡಿಯುವವರ ಊಟ, ಕೆಲಸ, ತೂಕ, ಆದಾಯ ಕೂಡ ಕುಡಿಯದವರಿಗಿಂತ ಬೇರೆ ಇರಬಹುದು. ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ನಾವು ನೋಡುತ್ತೇವೆ. ಪೂರ್ತಿಯಾಗಿ ಆಗುವುದಿಲ್ಲ.

ಇನ್ನೂ ಮುಖ್ಯವಾದದ್ದು, ಅದು ಶುಗರ್ ಇನ್ನೂ ಬಂದಿರದವರ ಮೇಲೆ ಮಾಡಿದ ಅಧ್ಯಯನ. ಬಂದವರಿಗೆ ಕಾಫಿಯಿಂದ ವಾಸಿಯಾಗುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ.

ಮಾತ್ರೆಯ ಕಥೆಯೇ ಬೇರೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಒಂದು ಅಧ್ಯಯನಕ್ಕೆ 5,102 ಶುಗರ್ ರೋಗಿಗಳನ್ನು ಸೇರಿಸಿಕೊಂಡರು. ಯಾರಿಗೆ ಯಾವ ಚಿಕಿತ್ಸೆ ಅಂತ ಡಾಕ್ಟರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದರು. ಹಾಗೆ ಹಂಚಿದಾಗ ಎರಡೂ ಗುಂಪುಗಳಲ್ಲಿ ಬಡವರು ಶ್ರೀಮಂತರು, ದಪ್ಪ ಇರುವವರು ಸಣ್ಣ ಇರುವವರು ಹೆಚ್ಚು ಕಡಿಮೆ ಸಮವಾಗಿ ಬೀಳುತ್ತಾರೆ, ಉಳಿಯುವ ವ್ಯತ್ಯಾಸ ಔಷಧದ್ದೇ. 1998ರಲ್ಲಿ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದವರಲ್ಲಿ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡವರಿಗೆ ಶುಗರ್‌ನಿಂದಾಗುವ ತೊಂದರೆಗಳೂ ಕಡಿಮೆ, ಸಾವೂ ಕಡಿಮೆ. ಇದರ ಎದುರು ವಾಟ್ಸಾಪ್ ಸುದ್ದಿಯನ್ನು ಇಟ್ಟು ನೋಡಬೇಡಿ. ಕಾಫಿ ಕುಡಿಯಲಿ, ಬೆಲ್ಲದ ವಿಷಯ ಮಾತ್ರ ಡಾಕ್ಟರ್ ಹತ್ತಿರ ಮಾತಾಡಿ.

ವಿರಾಜಪೇಟೆಯಿಂದ: ಅಕ್ಕ, ಹಾಗಾದ್ರೆ ಹಸಿರು ಕಾಫಿ ಬೀಜದ ಕ್ಯಾಪ್ಸೂಲ್? ತೂಕ ಇಳಿಯುತ್ತೆ ಅಂತ ಆನ್‌ಲೈನ್‌ನಲ್ಲಿ ಮಾರ್ತಾರೆ. ಅದಕ್ಕೂ ಸಂಶೋಧನೆ ಇದೆಯಂತೆ.

ಉತ್ತರ: ಇತ್ತು. ಈಗ ಇಲ್ಲ. ಇದನ್ನು ಕಾಫಿ ಬೆಳೆಯುವ ನಾವು ಗೊತ್ತುಮಾಡಿಕೊಂಡಿರಬೇಕು.

ಆ ಕ್ಯಾಪ್ಸೂಲ್ ಅಷ್ಟು ಹೆಸರಾಗಲು ಕಾರಣವಾದ ಪ್ರಬಂಧ 2012ರದ್ದು. ಪರೀಕ್ಷೆ ನಡೆದದ್ದು ಭಾರತದಲ್ಲೇ, ಬರೀ 16 ಜನರ ಮೇಲೆ. ಅಮೆರಿಕದ ಟಿವಿಯಲ್ಲಿ ಅದಕ್ಕೆ ಭಾರೀ ಪ್ರಚಾರ ಸಿಕ್ಕಿತು. ಎರಡು ವರ್ಷದ ನಂತರ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ, ಆ ಪರೀಕ್ಷೆಯಲ್ಲಿ ಜನರ ತೂಕವನ್ನೇ ಮತ್ತೆ ಮತ್ತೆ ತಿದ್ದಲಾಗಿದೆ, ಯಾರು ಕಾಫಿ ಬೀಜದ ಸಾರ ತೆಗೆದುಕೊಂಡರು ಯಾರು ಸುಮ್ನೆ ಖಾಲಿ ಮಾತ್ರೆ ತೆಗೆದುಕೊಂಡರು ಅನ್ನುವುದೇ ಅದಲುಬದಲಾಗಿದೆ ಅಂತ ಆರೋಪ ಮಾಡಿತು. ಪರೀಕ್ಷೆಗೆ ದುಡ್ಡು ಕೊಟ್ಟಿದ್ದ ಕಂಪನಿ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ 2014ರಲ್ಲಿ ಪ್ರಬಂಧವನ್ನೂ ವಾಪಸ್ ಪಡೆದರು. ನಮ್ಮ ಜನರ ಮೈ ಮೇಲೆ ಮಾಡಿದ ಪರೀಕ್ಷೆಯನ್ನು ಹೀಗೆ ಕೆಡಿಸಿದ್ದು ನನಗೆ ಇವತ್ತಿಗೂ ಸಿಟ್ಟು ಬರುವ ವಿಷಯ. ಪ್ರಬಂಧ ಹೋಯಿತು, ಕ್ಯಾಪ್ಸೂಲ್ ಮಾತ್ರ ಇನ್ನೂ ಮಾರಾಟದಲ್ಲಿದೆ.

ಸೋಮವಾರಪೇಟೆಯಿಂದ: ನಾನು ನಿವೃತ್ತ ಗಣಿತ ಶಿಕ್ಷಕ. ಗೋಲ್ಡ್‌ಬಾಕ್ ಊಹೆಯ ಮೇಲೆ ತುಂಬಾ ದಿನದಿಂದ ಕೆಲಸ ಮಾಡುತ್ತಿದ್ದೇನೆ. 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಎಂಬುದು ಊಹೆ. 10,000ದವರೆಗೆ ಕೈಯಲ್ಲೇ ಪಟ್ಟಿ ಮಾಡಿದ್ದೇನೆ, ಒಂದು ಕ್ರಮ ಕಾಣಿಸುತ್ತಿದೆ. ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ಯಾರಿಗೆ ತೋರಿಸಲಿ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಕೈಯಲ್ಲಿ ಅಷ್ಟು ದೂರ ಹೋಗಿದ್ದೀರಿ ಅಂದರೆ ಆ ಸಂಖ್ಯೆಗಳು ನಿಮಗೆ ಮನೆಯವರಷ್ಟೇ ಪರಿಚಯ ಇರಬೇಕು. ಅದಕ್ಕೇ ನೇರವಾಗಿ ಹೇಳುತ್ತೇನೆ.

ಗೋಲ್ಡ್‌ಬಾಕ್ ಈ ವಿಷಯ ಗಣಿತಜ್ಞ ಆಯ್ಲರ್‌ಗೆ ಪತ್ರದಲ್ಲಿ ಬರೆದದ್ದು 1742ರಲ್ಲಿ. ಈಗ ಕಂಪ್ಯೂಟರ್‌ನಲ್ಲಿ 4ರ ಮುಂದೆ 18 ಸೊನ್ನೆ ಹಾಕಿದ ಸಂಖ್ಯೆಯವರೆಗೆ ನೋಡಿ ಆಗಿದೆ, ಎಲ್ಲೂ ತಪ್ಪಿಲ್ಲ. ಆದರೂ ಗಣಿತದವರು ಇದನ್ನು ಪ್ರಮೇಯ, ಅಂದರೆ ಸಾಬೀತಾದ ಮಾತು, ಅನ್ನುವುದಿಲ್ಲ. ಯಾಕೆ ಅನ್ನುವುದಕ್ಕೆ ಪೋಲ್ಯಾ ಊಹೆ ನೋಡಿ. ಒಂದು ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ. 12 ಅಂದರೆ 2×2×3, ಮೂರು ಅಪವರ್ತನ, ಬೆಸ ಗುಂಪಿಗೆ ಹಾಕಿ. 10 ಅಂದರೆ 2×5, ಎರಡು, ಸಮ ಗುಂಪಿಗೆ ಹಾಕಿ. 1ಕ್ಕೆ ಅಪವರ್ತನವೇ ಇಲ್ಲ, ಅದು ಸಮ ಗುಂಪು. ಹೀಗೆ 1ರಿಂದ ಹಾಕುತ್ತಾ ಹೋಗಿ, 2ರಿಂದ ಮುಂದೆ ಎಲ್ಲಿ ನಿಂತು ಎಣಿಸಿದರೂ ಸಮ ಗುಂಪು ಬೆಸ ಗುಂಪನ್ನು ಮೀರುವುದಿಲ್ಲ ಅಂತ 1919ರಲ್ಲಿ ಜಾರ್ಜ್ ಪೋಲ್ಯಾ ಊಹಿಸಿದರು. ಸಾವಿರದವರೆಗೆ ಸರಿ, ಕೋಟಿಯವರೆಗೆ ಸರಿ. 1958ರಲ್ಲಿ ಹ್ಯಾಸಲ್‌ಗ್ರೋವ್ ಅದು ಎಲ್ಲೋ ಮುರಿಯಲೇಬೇಕು ಅಂತ ತೋರಿಸಿದರು. ಎಲ್ಲಕ್ಕಿಂತ ಮೊದಲು ಮುರಿಯುವ ಸಂಖ್ಯೆ ಯಾವುದು ಅಂತ ಗೊತ್ತಾಗಿದ್ದು 1980ರಲ್ಲಿ. ಆ ಸಂಖ್ಯೆ 90,61,50,257. ಅಂದರೆ 90 ಕೋಟಿಗೂ ಹೆಚ್ಚು ಸಲ ಸರಿ ಬಂದು ಆಮೇಲೆ ತಪ್ಪಿತು.

ಈಗ ಮೇಲಿನ ಶುಗರ್ ಉತ್ತರದ ಜೊತೆ ಇಟ್ಟು ನೋಡಿ. ಔಷಧಕ್ಕೆ 5,102 ಜನ ಸಾಕಾಯಿತು, ಇಲ್ಲಿ 90 ಕೋಟಿ ಸಾಲಲಿಲ್ಲ. ಗುಂಪಿನಲ್ಲಿ ನಡೆಯುವ ಅರ್ಧ ಜಗಳ ಇದನ್ನು ಮರೆತಿದ್ದರಿಂದಲೇ ಬರುವುದು ಅಂತ ನನಗೆ ಅನಿಸುತ್ತದೆ. ಸಂಶೋಧನೆ ಅಂತ ಎಲ್ಲಕ್ಕೂ ಒಂದೇ ಹೆಸರು ಇದ್ದರೂ, ಎಷ್ಟಾದರೆ ಸಾಕು ಅನ್ನುವ ಅಳತೆ ಒಂದೊಂದು ವಿಷಯಕ್ಕೆ ಒಂದೊಂದು.

ನಿಮ್ಮ ಬರಹದಲ್ಲಿ ‘ಹೀಗೇ ಮುಂದುವರಿಯುತ್ತದೆ’ ಅಂತ ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲಿ ಕೆಂಪು ಗೆರೆ ಹಾಕಿ. ಯಾಕೆ ಮುಂದುವರಿಯುತ್ತದೆ ಅನ್ನುವ ಕಾರಣ ಅಲ್ಲಿ ಇದ್ದರೆ ಅದು ಸಾಧನೆ, ಅಂದರೆ ಗಣಿತದ ಪುರಾವೆ, ಇಲ್ಲದಿದ್ದರೆ ಇನ್ನೂ ಪಟ್ಟಿ. ಇಡೀ ಊಹೆಯ ಬದಲು ಅದರಲ್ಲಿ ನಿಮಗೆ ಗಟ್ಟಿ ಅನಿಸಿದ ಒಂದು ಸಣ್ಣ ಹೆಜ್ಜೆಯನ್ನು ಎರಡು ಪುಟದಲ್ಲಿ ಬರೆದು, ಹತ್ತಿರದ ಕಾಲೇಜಿನ ಗಣಿತ ಉಪನ್ಯಾಸಕರ ಮುಂದೆ ಕೂತು ತೋರಿಸಿ. ದಪ್ಪ ಲಕೋಟೆ ಕಳಿಸಿದರೆ ಯಾರೂ ಬಿಡಿಸಿ ನೋಡುವುದಿಲ್ಲ, ಎರಡು ಪುಟ ಓದುತ್ತಾರೆ. ಗಣಿತಜ್ಞ ಆಂಡ್ರ್ಯೂ ವೈಲ್ಸ್ 1993ರಲ್ಲಿ ಫರ್ಮಾನ ಕೊನೆಯ ಪ್ರಮೇಯ ಸಾಧಿಸಿದ್ದೇನೆ ಅಂತ ಹೇಳಿದಾಗಲೂ, ಓದಿದವರು ಒಂದು ಕಡೆ ಬಿರುಕು ಹಿಡಿದರು. ಮರುವರ್ಷ ರಿಚರ್ಡ್ ಟೇಲರ್ ಜೊತೆ ಸೇರಿ ಅವರು ಅದನ್ನು ಸರಿಮಾಡಿದರು. ತೋರಿಸುವುದು ಅದಕ್ಕೇ.

ಕುಶಾಲನಗರದಿಂದ: ಬೆಳಕಿಗಿಂತ ವೇಗವಾಗಿ ಹೋಗುವ ಕಣ ಸಿಕ್ಕಿದೆ, ಐನ್‌ಸ್ಟೈನ್ ತಪ್ಪು ಅಂತ ಹಿಂದೆ ಪೇಪರಲ್ಲಿ ಬಂದಿತ್ತು. ಅದು ಏನಾಯ್ತು?

ಉತ್ತರ: 2011ರ ಸುದ್ದಿ ಅದು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣಗಳು ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೊ ಸೆಕೆಂಡ್ ಬೇಗ ಬಂದ ಹಾಗೆ ಕಂಡಿತು. ಮರುವರ್ಷ ನೋಡಿದರೆ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸರಿಯಾಗಿ ಸಿಕ್ಕಿಸಿರಲಿಲ್ಲ. ಅಷ್ಟೇ. ಆ ತಂಡದವರು ಅಚ್ಚರಿಯ ಫಲಿತಾಂಶವನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟು, ಪರೀಕ್ಷಿಸಿ ನೋಡಿ ಅಂದರು. ಅದು ನನಗೆ ತುಂಬಾ ದೊಡ್ಡ ಗುಣ ಅನಿಸುತ್ತದೆ. ಕಣ ಭೌತಶಾಸ್ತ್ರದಲ್ಲಿ ಹೊಸದು ಸಿಕ್ಕಿತು ಅನ್ನಬೇಕಾದರೆ, ಅದು ಬರೀ ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ 1ಕ್ಕಿಂತ ಕಡಿಮೆ ಇರಬೇಕು ಅಂತ ಅವರ ರೂಢಿ. ಆದರೆ ಕೇಬಲ್ ಸಡಿಲ ಇದ್ದರೆ ಆ ಲೆಕ್ಕವೂ ಕಾಪಾಡುವುದಿಲ್ಲ. ಇನ್ನು ಬರೀ ಸಿದ್ಧಾಂತ ಆದರೆ, ಪ್ರಯೋಗದಲ್ಲಿ ಕಾಣುವವರೆಗೆ ಕಾಯಬೇಕು. ಹಿಗ್ಸ್ ಕಣ ಇರಬೇಕು ಅಂತ ಬರೆದದ್ದು 1964ರಲ್ಲಿ, ಸಿಕ್ಕಿದ್ದು 2012ರಲ್ಲಿ.

ಮಕ್ಕಂದೂರಿನಿಂದ: ಮೇಡಂ, 2018ರ ಗುಡ್ಡ ಕುಸಿತದಲ್ಲಿ ನಮ್ಮ ಮನೆ ಹೋಯ್ತು. ಅಮ್ಮ ಈಗಲೂ ಜೋರು ಮಳೆ ಬಂದರೆ ರಾತ್ರಿಯೆಲ್ಲ ಬಾಗಿಲ ಹತ್ತಿರವೇ ಕೂತಿರ್ತಾರೆ. ಸಂಶೋಧನೆ ಮಾಡುವವರು ಪ್ರಶ್ನೆಗಳ ಹಾಳೆ ಹಿಡಿದು ಮನೆಗೆ ಬಂದಿದ್ದರು, ಸಹಿ ಹಾಕಿ ಅಂದರು. ಅಮ್ಮನಿಗೆ ಹೆದರಿಕೆ ಆಯ್ತು. ಹಾಕಬೇಕಾ? ಇದರಿಂದ ಅಮ್ಮನಿಗೆ ವಾಸಿ ಆಗುತ್ತಾ?

ಉತ್ತರ: ತಂಗಿ, ಅಮ್ಮನ ವಿಷಯ ಓದಿ ಬೇಜಾರಾಯಿತು. ಸಹಿ ಹಾಕಲೇಬೇಕು ಅಂತ ಏನೂ ಇಲ್ಲ. ಹಾಕದಿದ್ದರೆ ಮನೆ, ಪರಿಹಾರ, ಆಸ್ಪತ್ರೆ ಯಾವುದಕ್ಕೂ ತೊಂದರೆ ಆಗಬಾರದು. ಹಾಕಿದ ಮೇಲೆ ಮನಸ್ಸು ಬದಲಾದರೆ ಕಾರಣ ಕೊಡದೆ ಹೊರಗೆ ಬರಬಹುದು.

ಬಂದವರ ಹತ್ತಿರ ಮಾಹಿತಿ ಹಾಳೆ ಕೇಳಿ. ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅಮ್ಮ ಓದದಿದ್ದರೆ ಪೂರ್ತಿ ಓದಿ ಹೇಳಬೇಕು, ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಅದರಲ್ಲಿ ಯಾವ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಅಮ್ಮ ಹೇಳಿದ್ದನ್ನು ಹೆಸರು ತೆಗೆದು ಇಡುತ್ತಾರಾ ಅಂತ ಬರೆದಿರಬೇಕು. ಇದು ಅವರು ಮಾಡುವ ಉಪಕಾರ ಅಲ್ಲ, ಅವರ ಕರ್ತವ್ಯ. ಹಾಳೆ ಕೊಡಲು ಯಾರಾದರೂ ಹಿಂದೆ ಮುಂದೆ ನೋಡಿದರೆ ಬಾಗಿಲಲ್ಲೇ ಬೇಡ ಅಂದುಬಿಡಿ.

ವಾಸಿ ಆಗುತ್ತಾ ಅಂದರೆ, ಇಲ್ಲ. ಪ್ರಶ್ನೆ ಕೇಳುವುದು ಚಿಕಿತ್ಸೆ ಅಲ್ಲ. ಇಂಥ ಕೆಲಸದಲ್ಲಿ ಹೆಚ್ಚಾಗಿ ಬಳಸುವ ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆಯ ಲಕ್ಷಣ ಕೇಳುವ ಹಾಳೆಯನ್ನೇ ತೆಗೆದುಕೊಳ್ಳಿ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಊಟ ಸೇರಿತಾ, ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ ಆಗಿತ್ತಾ ಅಂತ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ನೋಡಬೇಕು ಅನ್ನುತ್ತಾರೆ. ಅದು ಡಾಕ್ಟರ್ ಹತ್ತಿರ ಹೋಗಿ ಅನ್ನುವ ಸೂಚನೆ ಮಾತ್ರ, ಕಾಯಿಲೆ ಇದೆ ಅನ್ನುವ ತೀರ್ಪು ಅಲ್ಲ. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಯಾರಾದರೂ ಹೌದು ಅಂದರೆ, ಬರೆದುಕೊಂಡು ಎದ್ದು ಹೋಗುವ ಹಾಗಿಲ್ಲ, ಆಗಲೇ ಸಹಾಯಕ್ಕೆ ದಾರಿ ಮಾಡಬೇಕು. ಅದಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ ಅಂತ ಬಂದವರನ್ನು ನೀವೇ ಕೇಳಿ.

ಅಮ್ಮನಿಗೆ ಚಿಕಿತ್ಸೆ ಸಂಶೋಧನೆಗೆ ಕಾಯಬೇಕಾಗಿಲ್ಲ. ಟೆಲಿ ಮಾನಸ್, 14416. ಫೋನ್ ಮಾಡಲು ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇಷ್ಟು ವರ್ಷ ಆಯಿತಲ್ಲ, ಇನ್ನೇನು ಅಂತ ಬಿಡಬೇಡಿ. ಇಂಥ ಭಯಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳು ಇವೆ, ತುಂಬಾ ತಡವಾಗಿ ಶುರು ಮಾಡಿದವರಿಗೂ ಉಪಯೋಗ ಆಗಿದೆ.

ಮಾದಾಪುರದಿಂದ: ಆಗ ಶಿಬಿರದಲ್ಲೇ ಎಲ್ಲರನ್ನೂ ಕೂರಿಸಿ, ಆಗಿದ್ದನ್ನೆಲ್ಲ ಹೇಳಿಸಿಬಿಟ್ಟಿದ್ದರೆ ಮನಸ್ಸು ಹಗುರ ಆಗ್ತಿತ್ತು ಅಲ್ವಾ? ಇದಕ್ಕೂ ಸಂಶೋಧನೆ ಬೇಕಾ?

ಉತ್ತರ: ಬೇಕು ಸರ್, ಇದಕ್ಕೇ ಜಾಸ್ತಿ ಬೇಕು. ನೀವು ಹೇಳಿದ್ದನ್ನು ಎಷ್ಟೋ ದೇಶಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದರು. ಆಘಾತ ಆದ ಕೆಲವೇ ದಿನಗಳಲ್ಲಿ ಒಂದು ಸಲ ಕೂರಿಸಿ, ಎಲ್ಲವನ್ನೂ ಬಿಡಿಸಿ ಹೇಳಿಸುವುದು. ಹೇಳಿಕೊಂಡರೆ ಹಗುರ ಅಂತ ಯಾರಿಗೂ ಅನುಮಾನ ಇರಲಿಲ್ಲ. ಬ್ರಿಟನ್ನಿನಲ್ಲಿ ಸುಟ್ಟ ಗಾಯದಿಂದ ಆಸ್ಪತ್ರೆ ಸೇರಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 1997ರಲ್ಲಿ ಪ್ರಕಟವಾಯಿತು. 13 ತಿಂಗಳ ನಂತರ, ಕೂರಿಸಿ ಹೇಳಿಸಿದವರಲ್ಲಿ ಶೇ. 26ರಷ್ಟು ಜನರಿಗೆ ಆಘಾತದ ಕಾಯಿಲೆ ಇತ್ತು, ಹೇಳಿಸದೆ ಬಿಟ್ಟವರಲ್ಲಿ ಶೇ. 9. ಹೇಳಿಸಿದ ಗುಂಪಿನವರ ಗಾಯ ಮೊದಲೇ ಸ್ವಲ್ಪ ಜಾಸ್ತಿ ಇತ್ತು, ಹಾಗಾಗಿ ಅಷ್ಟೂ ವ್ಯತ್ಯಾಸ ಹೇಳಿಸಿದ್ದರಿಂದಲೇ ಅಂತ ಹೇಳಲಾಗದು. ಆದರೆ ಎಲ್ಲ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಒಂದೇ ಸಲ ಹಾಗೆ ಕೂರಿಸುವುದರಿಂದ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಬೇಡ ಅನ್ನುತ್ತದೆ. ಮೊದಲು ಸುರಕ್ಷಿತ ಜಾಗ, ಊಟ, ಬಟ್ಟೆ, ಮನೆಯವರ ಸುದ್ದಿ. ಹೇಳಬೇಕು ಅನಿಸಿದವರು ಹೇಳಲಿ, ಪಕ್ಕದಲ್ಲಿ ಕೂತು ಕೇಳಿ. ಹೇಳಿ ಹೇಳಿ ಅಂತ ಒತ್ತಾಯ ಬೇಡ.

ಗೋಣಿಕೊಪ್ಪದಿಂದ: ಅಕ್ಕ, ನಾನು ಎಂಎಸ್‌ಸಿ ಫಿಸಿಕ್ಸ್. ಮೂರು ದಿನದಲ್ಲಿ ಪ್ರಬಂಧ ಪ್ರಕಟಿಸಿ ಕೊಡ್ತೀವಿ, ದುಡ್ಡು ಕಟ್ಟಿ ಅಂತ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಕಟ್ಟಲಾ?

ಉತ್ತರ: ಕಟ್ಟಬೇಡ ತಮ್ಮ. ಮೂರು ದಿನದಲ್ಲಿ ಯಾರೂ ನಿನ್ನ ಸಮೀಕರಣ ಓದಿ ಪರಿಶೀಲಿಸಲು ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ನಿನ್ನ ದುಡ್ಡು. ದುಡ್ಡು ಕೇಳುವ ಜರ್ನಲ್‌ಗಳೆಲ್ಲ ಮೋಸ ಅಂತಲೂ ಅಲ್ಲ, ಒಳ್ಳೆಯ ಕೆಲವು ಜರ್ನಲ್‌ಗಳೂ ತೆಗೆದುಕೊಳ್ಳುತ್ತವೆ. ಸಂಪಾದಕರ ಪಟ್ಟಿಯಲ್ಲಿ ಇರುವವರು ನಿಜವಾಗಿ ಆ ಕೆಲಸ ಮಾಡುತ್ತಾರಾ ಅಂತ ಅವರದೇ ವಿಶ್ವವಿದ್ಯಾಲಯದ ಪುಟದಲ್ಲಿ ನೋಡು, ಆ ಜರ್ನಲ್‌ನ ಹಳೆಯ ಪ್ರಬಂಧಗಳಲ್ಲಿ ಎರಡನ್ನು ತೆರೆದು ಓದು. ಒಂದೇ ಸಂಚಿಕೆಯಲ್ಲಿ ದನದ ಹಾಲು, ಕಪ್ಪು ಕುಳಿ, ಬ್ಯಾಂಕ್ ಸಾಲ ಮೂರೂ ಇದ್ದರೆ ಮುಚ್ಚಿಬಿಡು.

ನಿಮ್ಮ ವಿಷಯದವರಿಗೆ ಆರ್ಕೈವ್ (arXiv) ಅನ್ನುವ, ಪ್ರಬಂಧಗಳನ್ನು ಹಾಕುವ ಜಾಲತಾಣ ಇದೆ, 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ್ದು. ಹಾಕುವುದಕ್ಕೂ ದುಡ್ಡಿಲ್ಲ, ಓದುವುದಕ್ಕೂ ದುಡ್ಡಿಲ್ಲ. ಅಲ್ಲಿ ಇರುವುದೆಲ್ಲ ಪರಿಶೀಲನೆ ಆದದ್ದಲ್ಲ ಅನ್ನುವುದು ನೆನಪಿರಲಿ. ಗಣಿತಜ್ಞ ಪೆರೆಲ್ಮನ್, ಪ್ವಾಂಕರೆ ಊಹೆ ಅನ್ನುವ ಗಣಿತದ ದೊಡ್ಡ ಸಮಸ್ಯೆಯ ಪುರಾವೆಯನ್ನು 2002 ಮತ್ತು 2003ರಲ್ಲಿ ಹಾಕಿದ್ದು ಅಲ್ಲೇ, ಯಾವ ಜರ್ನಲ್‌ಗೂ ಕಳಿಸಲಿಲ್ಲ. ಬೇರೆಯವರು ವರ್ಷಗಟ್ಟಲೆ ಕೂತು ಸಾಲು ಸಾಲಾಗಿ ನೋಡಿದ ಮೇಲೆ ಅದು ನಿಂತಿತು. ಮೊದಲ ಸಲ ಹಾಕುವವರಿಗೆ ಅಲ್ಲಿ ಈಗಾಗಲೇ ಬರೆದಿರುವ ಒಬ್ಬರ ಶಿಫಾರಸು ಬೇಕಾಗಬಹುದು, ಮೊದಲು ನಿನ್ನ ಗೈಡ್‌ಗೆ ತೋರಿಸು. ಬೇರೆ ಪ್ರಬಂಧ ಓದಲು ದುಡ್ಡು ಕೇಳಿದರೆ ಬರೆದವರಿಗೇ ಒಂದು ಮೇಲ್ ಹಾಕು, ಬಹಳಷ್ಟು ಜನ ಖುಷಿಯಿಂದ ಕಳಿಸಿಕೊಡುತ್ತಾರೆ. ನೀನು ಬರೆದದ್ದನ್ನು ನನಗೂ ಕಳಿಸು. ಫಿಸಿಕ್ಸ್ ನನಗೆ ಪೂರ್ತಿ ಅರ್ಥ ಆಗದಿರಬಹುದು, ಅದರೊಳಗಿನ ಅಂಕಿಅಂಶ ನೋಡಿಕೊಡುತ್ತೇನೆ.